ಅಜ್ಜಿ ಬರೆದ ಬೋರ್ಡು

ಸುಳ್ಯ ತಾಲೂಕಿನ ಬೆಳ್ಳಾರೆಯ ಹತ್ತಿರ ಒಂದು ಅಡಿಕೆ ತೋಟ. ಅಲ್ಲಿ ಅಜ್ಜ, ಅಜ್ಜಿ ಇಬ್ಬರೇ ಇದ್ದಾರೆ. ಮೊಮ್ಮಗಳು ಬೆಂಗಳೂರಿನಲ್ಲಿ ಓದುತ್ತಾಳೆ. ಅಡಿಕೆ ಕೊಯ್ಲಿಗೆ ಮೊದಲು ಅವಳನ್ನು ನೋಡಿ ಬರುವ ಅಂತ ಇಬ್ಬರೂ ರಾತ್ರಿ ಬಸ್ಸು ಹತ್ತಿದರು.

"ಅಜ್ಜಿ, ಇಲ್ಲಿ ನಿಮಗೆ ಎಂತ ನೋಡ್ಬೇಕು?" ಮೊಮ್ಮಗಳು ಕೇಳಿದಳು.

"ಆ ಯಂತ್ರಗಳ ಮ್ಯೂಸಿಯಂ ಉಂಟಲ್ಲ, ಅದನ್ನು ಇನ್ನೊಮ್ಮೆ ನೋಡ್ಬೇಕು" ಎಂದರು ಅಜ್ಜಿ.

ಅಜ್ಜ ಅಜ್ಜಿ ಅಲ್ಲಿಗೆ ಮೊದಲು ಹೋದದ್ದು 1986ರಲ್ಲಿ. ಆಗ ಅಜ್ಜಿಗೆ ಓದು ಬರುತ್ತಿರಲಿಲ್ಲ. "ಇದರಲ್ಲಿ ಎಂತ ಬರೆದಿದ್ದಾರೆ?" ಎಂದು ಪ್ರತಿ ಬೋರ್ಡಿನ ಎದುರು ಕೇಳಿದ್ದರು. ಅಜ್ಜನಿಗೂ ಓದು ಅಷ್ಟಕ್ಕಷ್ಟೆ. "ಎಂತದೋ ಬರೆದಿದ್ದಾರೆ, ನೀನು ಬಾ" ಎಂದು ಮುಂದೆ ಹೋಗಿದ್ದರು.

1990ರ ದಶಕದಲ್ಲಿ ನಮ್ಮ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅಜ್ಜಿ ಸಂಜೆಯ ತರಗತಿಗೆ ಹೋದರು. ಓದಲು, ಬರೆಯಲು ಕಲಿತರು.

ಮೂವರೂ ಮೆಜೆಸ್ಟಿಕ್‌ನಲ್ಲಿ ಮೆಟ್ರೊ ರೈಲು ಹತ್ತಿದರು. ಮುಂದಿನ ನಿಲ್ದಾಣದ ಹೆಸರನ್ನು ಅಜ್ಜಿ ಓದಿದರು. "ಸರ್ ಎಂ. ವಿಶ್ವೇಶ್ವರಯ್ಯ. ಮ್ಯೂಸಿಯಂಗೂ ಅವರದ್ದೇ ಹೆಸರಲ್ವಾ?"

"ಹೌದಜ್ಜಿ. ಆದರೆ ನಾವು ಇಳಿಯುದು ಕಬ್ಬನ್ ಪಾರ್ಕಿನಲ್ಲಿ."

ಮ್ಯೂಸಿಯಂ ಇರುವುದು ಕಸ್ತೂರ್ಬಾ ರಸ್ತೆಯಲ್ಲಿ. ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಎಂಬುದು ಅದರ ಪೂರ್ತಿ ಹೆಸರು. ವಿಶ್ವೇಶ್ವರಯ್ಯನವರು ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ. ಅದೇ ವರ್ಷ ಜುಲೈ 14ರಂದು ಪ್ರಧಾನಿ ನೆಹರೂ ಈ ಮ್ಯೂಸಿಯಂ ಉದ್ಘಾಟಿಸಿದರು.

ಒಳಗೆ ದೊಡ್ಡ ದೊಡ್ಡ ಎಂಜಿನುಗಳಿವೆ. ರೈಟ್ ಸಹೋದರರ ವಿಮಾನದ ಮಾದರಿಯೂ ಇದೆ. 1903ರಲ್ಲಿ ಅವರ ವಿಮಾನ ಮೊದಲ ಸಲ ಹಾರಿದಾಗ ಗಾಳಿಯಲ್ಲಿ ಇದ್ದದ್ದು 12 ಸೆಕೆಂಡು ಮಾತ್ರ. "ಅಷ್ಟೇಯಾ? ನಮ್ಮ ಕೋಳಿ ಇದಕ್ಕಿಂತ ಜಾಸ್ತಿ ಹಾರ್ತದೆ" ಎಂದು ಅಜ್ಜ ನಕ್ಕರು.

ಈ ಸಲ ಅಜ್ಜಿ ಯಾವ ಬೋರ್ಡನ್ನೂ ಬಿಡಲಿಲ್ಲ. ಬೆರಳು ಇಟ್ಟು, ನಿಧಾನವಾಗಿ ಓದಿದರು. ಅಜ್ಜ ಬಾಗಿಲ ಹತ್ತಿರ ಕಾದರು.

ವಿದ್ಯುತ್ತಿನ ವಿಭಾಗದಲ್ಲಿ ಅಜ್ಜಿ ತುಂಬ ಹೊತ್ತು ನಿಂತರು. ಮೊಮ್ಮಗಳು ವಿವರಿಸಿದಳು. "ತಂತಿಯ ಸುರುಳಿಯ ಹತ್ತಿರ ಅಯಸ್ಕಾಂತ ತಿರುಗಿದರೆ ಕರೆಂಟ್ ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಇದನ್ನು ಕಂಡುಹಿಡಿದರು. ನೀರು ಚಕ್ರ ತಿರುಗಿಸುತ್ತದೆ. ಚಕ್ರ ಅಯಸ್ಕಾಂತವನ್ನು ತಿರುಗಿಸುತ್ತದೆ. 1902ರಲ್ಲಿ ಶಿವನಸಮುದ್ರದಲ್ಲಿ ಹೀಗೇ ಕರೆಂಟ್ ಮಾಡಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಕರೆಂಟ್ ಹರಿಯಲು ದಾರಿ ಬೇಕು. ತಾಮ್ರ, ಅಲ್ಯೂಮಿನಿಯಂ, ಕಬ್ಬಿಣ ಒಳ್ಳೆಯ ದಾರಿ. ರಬ್ಬರು, ಗಾಜು, ಒಣಗಿದ ಮರ ದಾರಿ ಕೊಡುವುದಿಲ್ಲ."

"ಹಾಗಾದ್ರೆ ನಮ್ಮ ಹೊಸ ದೋಟಿ?" ಅಜ್ಜಿ ತಟ್ಟನೆ ಕೇಳಿದರು.

ಈಗ ಅಡಿಕೆ ಮರ ಹತ್ತುವವರು ಸಿಗುವುದು ಕಷ್ಟ. ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ಕಾರ್ಬನ್ ಫೈಬರಿನ ದೋಟಿ ಬಂದಿದೆ. ಅದು 60 ಅಡಿ ಉದ್ದವಿದ್ದರೂ ಹಗುರ. ನೆಲದಲ್ಲೇ ನಿಂತು ಕೊನೆ ಕೊಯ್ಯಬಹುದು, ಮದ್ದೂ ಬಿಡಬಹುದು. ಅಜ್ಜನೂ ಒಂದು ತಂದಿದ್ದರು. ಅವರ ತೋಟದ ಅಂಚಿನಲ್ಲೇ 11,000 ವೋಲ್ಟಿನ ಲೈನು ಹೋಗುತ್ತದೆ.

"ಅದು ಕಬ್ಬಿಣ ಅಲ್ಲ ಮಾರಾಯ್ತಿ, ಫೈಬರ್. ಅದಕ್ಕೆ ಕರೆಂಟ್ ಹಿಡಿಯುದಿಲ್ಲ" ಎಂದರು ಅಜ್ಜ.

ಮೊಮ್ಮಗಳ ಮುಖ ಸಣ್ಣದಾಯಿತು. "ಯಾರು ಹೇಳಿದ್ದು ಅಜ್ಜ? ರೂಮಿಗೆ ಹೋಗುವ. ನಿಮಗೆ ಒಂದು ತೋರಿಸ್ತೇನೆ."

ರೂಮಿನಲ್ಲಿ ಅವಳು ಎರಡು ಟಾರ್ಚ್ ಸೆಲ್, ಒಂದು ಸಣ್ಣ ಬಲ್ಬು, ತುಂಡು ತಂತಿ ತಂದಳು. ನಡುವೆ ನಾಣ್ಯ ಇಟ್ಟಳು. ಬಲ್ಬು ಉರಿಯಿತು. ರಬ್ಬರ್ ಇಟ್ಟಳು. ಉರಿಯಲಿಲ್ಲ. ಆಮೇಲೆ ಒಂದು ಸಣ್ಣ ಪೆನ್ಸಿಲಿನ ಎರಡೂ ತುದಿ ಕೆತ್ತಿ, ಒಳಗಿನ ಕಪ್ಪು ಕಡ್ಡಿಗೆ ತಂತಿ ಮುಟ್ಟಿಸಿದಳು. ಬಲ್ಬು ಮಂದವಾಗಿ ಉರಿಯಿತು.

"ಈ ಕಪ್ಪು ಕಡ್ಡಿಯಲ್ಲಿ ಇರುವುದು ಕಾರ್ಬನ್. ನಿಮ್ಮ ದೋಟಿಯಲ್ಲಿ ಇರುವುದೂ ಕಾರ್ಬನ್. ಎರಡು ಸೆಲ್ಲಿನ ಕರೆಂಟೇ ಇದರಲ್ಲಿ ಹರಿದು ಬಂತು. ಇನ್ನು 11,000 ವೋಲ್ಟ್ ಬಿಡ್ತದಾ ಅಜ್ಜ?"

ಅಜ್ಜ ಮಾತಾಡಲಿಲ್ಲ. ಪೆನ್ಸಿಲನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ಹೋದ ವರ್ಷ ಆ ಲೈನಿನ ಅಡಿಯಲ್ಲೇ ಕೊಯ್ದಿದ್ದೆ" ಎಂದರು. ಅಜ್ಜಿ ಅವರ ಕೈ ಹಿಡಿದುಕೊಂಡರು.

ನೆನಪಿಡಿ. ದೋಟಿ ತಂತಿಗೆ ತಾಗಿದರೆ ಕರೆಂಟ್ ದೋಟಿಯಿಂದ ಮೈಗೆ, ಮೈಯಿಂದ ನೆಲಕ್ಕೆ ಹರಿಯುತ್ತದೆ. ಹೃದಯ ನಿಲ್ಲಬಹುದು. ಅಷ್ಟು ದೊಡ್ಡ ಲೈನಿನ ಎದುರು ಕಾಲಿನ ರಬ್ಬರ್ ಚಪ್ಪಲಿ ಕಾಪಾಡುವುದಿಲ್ಲ. ಅಲ್ಯೂಮಿನಿಯಂ ದೋಟಿ, ಏಣಿಗಳೂ ಅಪಾಯವೇ. ಹಸಿ ಬಿದಿರು, ಒದ್ದೆ ಮರವೂ ಅಪಾಯವೇ.

ಊರಿಗೆ ಬಂದ ಮರುದಿನ ಇಬ್ಬರೂ ತೋಟಕ್ಕೆ ಹೋದರು. ದೋಟಿ ಕೈತಪ್ಪಿ ಬಿದ್ದರೂ ತಂತಿಗೆ ತಾಗಬಾರದು. ಅಷ್ಟು ದೂರವನ್ನು ಅಜ್ಜ ಹೆಜ್ಜೆ ಹಾಕಿ ಅಳೆದರು. ಅದರ ಒಳಗೆ 14 ಮರಗಳು ಸಿಕ್ಕಿದವು. ಎಲ್ಲದಕ್ಕೂ ಕೆಂಪು ಬಟ್ಟೆ ಕಟ್ಟಿದರು. "ಇವುಗಳಿಗೆ ದೋಟಿ ಎತ್ತುದು ಬೇಡ. ಬಿದ್ದ ಅಡಿಕೆ ಹೆಕ್ಕುವ, ಸಾಕು" ಎಂದರು.

ಲೈನಿನ ಬಗ್ಗೆ ಮೆಸ್ಕಾಂ ಕಚೇರಿಗೆ ಅರ್ಜಿ ಬರೆದದ್ದು ಅಜ್ಜಿ. ಆಮೇಲೆ ಅವರು ಒಂದು ಹಲಗೆ ತಂದರು. ಕೊಯ್ಲಿಗೆ ಬರುವವರಿಗೆ ಕಾಣಲಿ ಅಂತ ಅದರಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರು:

ಮೇಲೆ ಕರೆಂಟ್ ಲೈನು ಉಂಟು. ಇಲ್ಲಿ ದೋಟಿ ಎತ್ತಬೇಡಿ.

ಅಜ್ಜ ಬೋರ್ಡಿನ ಎದುರು ನಿಂತರು. ಬೆರಳು ಇಟ್ಟು, ನಿಧಾನವಾಗಿ, ಪೂರ್ತಿ ಓದಿದರು.

ತಿಳಿದುಕೊಳ್ಳಿ

1. ತಂತಿ ತುಂಡಾಗಿ ಬಿದ್ದರೆ ಹತ್ತಿರ ಹೋಗಬೇಡಿ. 1912ಕ್ಕೆ ಫೋನ್ ಮಾಡಿ.
2. ಒಬ್ಬರಿಗೆ ಕರೆಂಟ್ ಹಿಡಿದರೆ ಅವರನ್ನು ಮುಟ್ಟಬೇಡಿ. ಮನೆಯ ಲೈನಾದರೆ ಮೊದಲು ಮೈನ್ ಸ್ವಿಚ್ ಆಫ್ ಮಾಡಿ. ದೊಡ್ಡ ಲೈನಾದರೆ ದೂರವೇ ನಿಂತು ಸಹಾಯಕ್ಕೆ 112ಕ್ಕೆ ಫೋನ್ ಮಾಡಿ.

ಮಾಡಿ ನೋಡಿ

ಮೊಮ್ಮಗಳು ಮಾಡಿದ ಪರೀಕ್ಷೆಯನ್ನು ನೀವೂ ಮಾಡಿ. ಟಾರ್ಚ್ ಸೆಲ್ಲಿನಿಂದ ಮಾತ್ರ ಮಾಡಿ. ಮನೆಯ ಕರೆಂಟಿನಿಂದ ಎಂದೂ ಮಾಡಬೇಡಿ.

ಉತ್ತರ ಹೇಳಿ

1. ಅಜ್ಜಿ ಮ್ಯೂಸಿಯಂಗೆ ಇನ್ನೊಮ್ಮೆ ಯಾಕೆ ಹೋದರು?
2. ಪೆನ್ಸಿಲಿಗೂ ದೋಟಿಗೂ ಏನು ಸಂಬಂಧ?
3. ನಿಮ್ಮ ತೋಟದ ಮೇಲೆ ಲೈನು ಹೋಗುತ್ತದೆಯೇ? ಅಲ್ಲಿ ಯಾವ ಬೋರ್ಡು ಹಾಕುತ್ತೀರಿ? ಬರೆಯಿರಿ.