ನೂರಕ್ಕೆ ಎಷ್ಟು? ಯಾವ ನೂರಕ್ಕೆ?

ಪದವಿ ಕಾಲೇಜುಗಳ ಗುಣಮಟ್ಟ ಅಳೆಯಲು ನ್ಯಾಕ್ ಇದೆ. ಯುಜಿಸಿ 1994ರಲ್ಲಿ ಆರಂಭಿಸಿದ ಈ ಸಂಸ್ಥೆಯ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ. ಕಾಲೇಜು ಮೊದಲು ತನ್ನ ವರದಿಯನ್ನು ತಾನೇ ಬರೆದುಕೊಡಬೇಕು. ಪಿಯು ಕಾಲೇಜುಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ನಮ್ಮನ್ನು ಜನ ಅಳೆಯುವುದು ದ್ವಿತೀಯ ಪಿಯುಸಿ ಫಲಿತಾಂಶದಿಂದ.

ಪರೀಕ್ಷೆ-1ರಲ್ಲಿ ರಾಜ್ಯದ ಫಲಿತಾಂಶ 2024ರಲ್ಲಿ ಶೇ. 81.15 ಇತ್ತು, 2025ರಲ್ಲಿ ಶೇ. 73.45ಕ್ಕೆ ಇಳಿಯಿತು. ಒಂದೇ ವರ್ಷಕ್ಕೆ ಕಾಲೇಜುಗಳೆಲ್ಲ ಕೆಟ್ಟುಹೋದವೇ?

ಇನ್ನೊಂದು ಲೆಕ್ಕ ನೋಡಿ. ಪ್ರಥಮ ಪಿಯುಸಿಗೆ 50 ಮಂದಿ ಸೇರಿದರು, ಎರಡು ವರ್ಷದ ನಂತರ ಪರೀಕ್ಷೆ ಬರೆದವರು 40, ಪಾಸಾದವರು 36 ಎಂದುಕೊಳ್ಳಿ. ಬೋರ್ಡಿನ ಮೇಲೆ ಶೇ. 90 ಎಂದು ಬರೆಯುತ್ತೇವೆ. ಸೇರಿದವರನ್ನು ಲೆಕ್ಕ ಹಿಡಿದರೆ ಅದು ಶೇ. 72. ಆರಂಭದ ಸರಕನ್ನೇ ಬಿಟ್ಟು ಲಾಭ ತೋರಿಸಿದರೆ ನಮ್ಮ ಅಕೌಂಟೆನ್ಸಿ ತರಗತಿಯಲ್ಲಿ ಸೊನ್ನೆ ಸಿಗುತ್ತದೆ!

ಆ ಹತ್ತು ಮಂದಿ ಯಾಕೆ ಹೋದರು? ಮದುವೆಯೋ, ಗ್ಯಾರೇಜ್ ಕೆಲಸವೋ, ಪುರವರದ ಕಡೆಯಿಂದ ಬರುವವರಿಗೆ ಬಸ್ಸಿನ ಸಮಸ್ಯೆಯೋ, ಭಾಷೆಯೋ? ನನ್ನಂತೆ ಉರ್ದು ಮನೆಮಾತಿನವರು ಡೆಬಿಟ್, ಕ್ರೆಡಿಟ್ಟನ್ನು ಇಂಗ್ಲಿಷಿನಲ್ಲಿ ಓದಿ, ಕನ್ನಡದಲ್ಲಿ ಕೇಳಿ, ಉರ್ದುವಿನಲ್ಲಿ ಯೋಚಿಸಬೇಕು. ಬಿಟ್ಟುಹೋದವರ ಕಾರಣವನ್ನು ಪ್ರತಿ ತಿಂಗಳು ಬರೆದಿಡಲು ಒಂದು ರಿಜಿಸ್ಟರ್ ಸಾಕು. ಮೊದಲ ಪುಟವನ್ನು ಪ್ರಥಮ ಪಿಯುಸಿಯ ದಾಖಲಾತಿ ಮುಗಿದ ದಿನವೇ ತೆರೆಯಬೇಕು, ಫಲಿತಾಂಶ ಬಂದ ದಿನವಲ್ಲ.