ಒನಕೆ ನಿಲ್ಲಿಸಿ ನೋಡಿದ ಪಾಠ

8ನೇ ತರಗತಿಗೆ ಗ್ರಹಣದ ಪಾಠ ಮಾಡುವಾಗ ನೆರಳಿನ ಚಿತ್ರಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಒನಕೆ. "2022ರ ಅಕ್ಟೋಬರ್ ಗ್ರಹಣದಲ್ಲಿ ನಮ್ಮಜ್ಜಿ ತಟ್ಟೆ ನೀರಲ್ಲಿ ಒನಕೆ ನಿಲ್ಲಿಸಿದ್ರು ಮಿಸ್, ನಾನೇ ನೋಡಿದೀನಿ" ಎಂದಳು ಒಬ್ಬ ಹುಡುಗಿ. ಕೆಲವರು ನಕ್ಕರು. ಮೂಢನಂಬಿಕೆ ಎಂದು ಮುಗಿಸಿಬಿಡಬಹುದಿತ್ತು. ಆದರೆ ಅವಳು ಕಂಡದ್ದು ಸುಳ್ಳಲ್ಲ.

"ಗ್ರಹಣ ಇಲ್ಲದ ದಿನ ನಿಲ್ಲಿಸಿ ನೋಡಿದ್ರಾ?" ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ. ಮರುದಿನ ಒನಕೆ ಬಂತು. ಐದಾರು ಸಲ ವಾಲಿತು, ಆಮೇಲೆ ನಿಂತಿತು. ನೀರಿಲ್ಲದೆಯೂ ನಿಂತಿತು. (ಬಿದ್ದರೆ ಕಾಲಿಗೆ ಏಟು, ಹಿಡಿಯಲು ಇಬ್ಬರು ಪಕ್ಕದಲ್ಲಿರಲಿ.) ತಳ ಸಮತಟ್ಟಾಗಿದ್ದು, ಗುರುತ್ವ ಕೇಂದ್ರದಿಂದ ಇಳಿಯುವ ಲಂಬರೇಖೆ ತಳದೊಳಗೇ ಬಿದ್ದರೆ ಒನಕೆ ನಿಲ್ಲುತ್ತದೆ ಎಂಬುದನ್ನು ಆಗ ಚಿತ್ರ ಬರೆದು ತೋರಿಸಿದೆ.

"ಅಜ್ಜಿ ಹೇಳಿದ್ದು ಸುಳ್ಳು" ಎಂದು ಬರೆಯಹೊರಟವರನ್ನು ತಡೆದೆ. ಅಜ್ಜಿ ಕಂಡದ್ದನ್ನೇ ಹೇಳಿದ್ದಾರೆ, ಹೋಲಿಸಲು ಇನ್ನೊಂದು ದಿನ ಇರಲಿಲ್ಲ ಅಷ್ಟೆ. ಹುಡುಗಿಯೂ ಬಿಡಲಿಲ್ಲ: "ಗ್ರಹಣದಲ್ಲಿ ಇನ್ನೂ ಸುಲಭವಾಗಿ ನಿಲ್ಲಬಹುದಲ್ವಾ?" ನ್ಯಾಯವಾದ ಪ್ರಶ್ನೆ. ಒಂದೇ ಒನಕೆ, ಒಂದೇ ನೆಲ, ಒಬ್ಬರದೇ ಕೈ, ಎರಡೂ ದಿನ 20 ಪ್ರಯತ್ನ ಎಂದು ತರಗತಿಯೇ ನಿಯಮ ಮಾಡಿತು. ಪಟ್ಟಿಯಲ್ಲಿ ಸಾಮಾನ್ಯ ದಿನದ ಕಾಲಂ ತುಂಬಿದೆ. ಗ್ರಹಣದ ಕಾಲಂ ಖಾಲಿ ಬಿಟ್ಟಿದ್ದೇವೆ.