ಹಳೆ ಫೋನಿನ ಕಳೆ ಕೀಳಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಭತ್ತ ಬೆಳೆಯುವ ಸಿದ್ದಾಪುರದವರಿಗೆ ಕಳೆಯ ಕಾಟ ಹೊಸದಲ್ಲ. ಹಳೆ ಆಂಡ್ರಾಯ್ಡ್ ಫೋನಿಗೂ ಅದೇ ಕಾಟ. ನಾವು ಕೇಳದೆಯೇ ಬಂದ ಆ್ಯಪ್‌ಗಳು ಹಿನ್ನೆಲೆಯಲ್ಲಿ ಓಡುತ್ತ ರ‍್ಯಾಮ್, ಬ್ಯಾಟರಿ, ಡೇಟಾ ಮೂರನ್ನೂ ತಿನ್ನುತ್ತವೆ.

ಮೊದಲು ಫೋಟೊ, ನಂಬರ್‌ಗಳನ್ನು ಬೇರೆಡೆ ಉಳಿಸಿಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಬೇಡದ ಆ್ಯಪ್ ತೆಗೆಯಿರಿ. ತೆಗೆಯಲಾಗದ್ದನ್ನು 'ಡಿಸೇಬಲ್' ಮಾಡಿ. ಹೆಸರು ಗೊತ್ತಿಲ್ಲದ್ದನ್ನು ಮುಟ್ಟಬೇಡಿ. ಪ್ಲೇ ಸರ್ವೀಸಸ್, ವೆಬ್‌ವ್ಯೂ, ಕೀಬೋರ್ಡ್ ಇರಲೇಬೇಕು.

ಇನ್ನೂ ಹಗುರಾಗಬೇಕೆಂದರೆ ಫೋನಿನ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ ಕಂಪ್ಯೂಟರಿಗೆ ಜೋಡಿಸಿ, 'ಎಡಿಬಿ' ಎಂಬ ಸಾಧನದಿಂದ ಕಂಪನಿ ತುಂಬಿದ ಆ್ಯಪ್‌ಗಳನ್ನೂ ಸರಿಸಬಹುದು. ಎಡವಟ್ಟಾದರೆ ಫ್ಯಾಕ್ಟರಿ ರಿಸೆಟ್‌ನಿಂದ ಅವು ಸಾಮಾನ್ಯವಾಗಿ ಮರಳುತ್ತವೆ, ಆದರೆ ನಿಮ್ಮ ಮಾಹಿತಿ ಅಳಿಸಿಹೋಗುತ್ತದೆ. ಕೆಲಸ ಮುಗಿದ ಮೇಲೆ ಯುಎಸ್‌ಬಿ ಡೀಬಗಿಂಗ್ ಆಫ್ ಮಾಡಲು ಮರೆಯಬೇಡಿ.

ಕೊನೆಯ ದಾರಿ, ಇಡೀ ವ್ಯವಸ್ಥೆಯನ್ನೇ ಬದಲಿಸುವುದು. ಸೈಯಾನೊಜೆನ್‌ಮಾಡ್ ಎಂಬ ಆಂಡ್ರಾಯ್ಡ್ ರೂಪ ನಿಂತಾಗ, 2016ರ ಡಿಸೆಂಬರ್‌ನಲ್ಲಿ ಹುಟ್ಟಿದ ಲಿನಿಯೇಜ್‌ಒಎಸ್ ಉಚಿತ. ಕಂಪನಿ ಕೈಬಿಟ್ಟ ಹಲವು ಫೋನ್‌ಗಳಿಗೆ ಅದು ಹೊಸ ಆಂಡ್ರಾಯ್ಡ್ ಕೊಡುತ್ತದೆ. ಆದರೆ ಅದನ್ನು ಹಾಕಲು ಬೂಟ್‌ಲೋಡರ್, ಅಂದರೆ ಫೋನನ್ನು ಶುರು ಮಾಡುವ ತಂತ್ರಾಂಶದ ಬೀಗ, ತೆರೆದರೆ ಫೋನಿನಲ್ಲಿರುವುದೆಲ್ಲ ಅಳಿಯುತ್ತದೆ. ನಿಮ್ಮ ಮಾಡೆಲ್‌ಗೆ ಹೊಂದದ ಕಡತ ಹಾಕಿದರೆ ಫೋನ್ ಏಳದೇ ಹೋಗಬಹುದು. ಕೆಲವು ಬ್ಯಾಂಕ್, ಯುಪಿಐ ಆ್ಯಪ್‌ಗಳು ನಡೆಯದಿರಬಹುದು.

ಅದಕ್ಕೇ ಹೇಳುವೆ: ಭತ್ತ ಮಾರಿದ ದುಡ್ಡಿನ ಮೆಸೇಜ್ ಬರುವ ಫೋನಿನಲ್ಲಿ ಈ ಪ್ರಯೋಗ ಬೇಡ. ಮೂಲೆಯಲ್ಲಿ ಬಿದ್ದಿರುವ ಇನ್ನೊಂದರಲ್ಲಿ ಕಲಿಯಿರಿ. ಹಗುರಾದ ಆ ಫೋನ್ ಮಕ್ಕಳ ಪಾಠಕ್ಕೋ, ಹವಾಮಾನ ನೋಡುವುದಕ್ಕೋ ಆದೀತು. ಎಸೆಯುವ ಮುನ್ನ ಒಮ್ಮೆ ಕಳೆ ಕಿತ್ತು ನೋಡಿ.